ಒಂದಕ್ಕೆ ಎಪ್ಪತ್ತೊಂದು

ಗೌರೀಶನ ಮಾನ ಹೋದದ್ದು ಒಂದು ಗಿಂಡಿ ಎಣ್ಣೆಯಿಂದ. ಆ ಎಣ್ಣೆಯನ್ನಾದರೂ ಅವನೇ ಚೆಲ್ಲಿದ್ದನೇ ಎಂದರೆ, ಅದೂ ಇಲ್ಲ.

ಬೆಳಗಿನ ಎಂಟು ಗಂಟೆಯ ಹೊತ್ತು. ಅಣ್ಣಿಗೇರಿಯ ಬನ್ನಿಗಿಡದ ಓಣಿಯ ತನ್ನ ಮನೆಯಲ್ಲಿ, ನಡುಮನೆಯ ಮೂಲೆಗೆ ಕುರ್ಚಿ ಎಳೆದುಕೊಂಡು, ಅವನು ಲ್ಯಾಪ್‌ಟಾಪಿನ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಅವನ ತಾಯಿ ರೇವವ್ವ ಒಗ್ಗರಣೆಗೆ ಕೈ ಚಾಚಿದವಳು ಎಣ್ಣೆಯ ಗಿಂಡಿಯನ್ನೇ ಉರುಳಿಸಿದಳು. 'ಶಿವಾ!' ಎಂದದ್ದು ಕೇಳಿ ಗೌರೀಶ ಇಣುಕಿ ನೋಡಿದ. ರೇವವ್ವ ನೆಲದ ಮೇಲೆ ಜೋಳದ ಹಿಟ್ಟು ಉದುರಿಸಿ ಗಡಿಬಿಡಿಯಿಂದ ಬಳಿಯುತ್ತಿದ್ದಳು. ನಡುನಡುವೆ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ಕಳ್ಳನೋಟ ಬೇರೆ.

"ಯವ್ವಾ, ಏನ ಚೆಲ್ಲಿದಿ?"

"ಏನೂ ಇಲ್ಲ. ನೀ ನಿನ್ನ ಕೆಲಸ ನೋಡು."

"ಎಣ್ಣಿ ಅಲ್ಲೇನ ಬೇ ಅದು?"

"ಮೆಲ್ಲಕ ಮಾತಾಡೋ ಖೋಡಿ! ಬಾಜೂದವರಿಗೆ ಕೇಳಸ್ತೈತಿ."

ಎಣ್ಣೆ ಚೆಲ್ಲಿದರೆ ಮನೆಗೆ ಕೆಡುಕು ಎಂಬುದು ಆ ಓಣಿಯ ಹಿರಿಯರ ನಂಬಿಕೆ. ಚೆಲ್ಲಿದವಳಿಗೆ ಮೊದಲು ಬೈಗುಳ, ಆಮೇಲೆ ಆ ವರ್ಷ ಮನೆಯಲ್ಲಿ ಏನು ಕೆಟ್ಟರೂ ಅವಳ ತಲೆಗೇ. ರೇವವ್ವನನ್ನು ಬೈಯುವ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೂ ಮುಚ್ಚಿಡುವ ರೂಢಿ ಮಾತ್ರ ಹೋಗಿರಲಿಲ್ಲ.

ಇಷ್ಟಕ್ಕೆ ಗೌರೀಶನ ಕಣ್ಣು ಯಾಕೆ ಮಿಂಚಿತು ಎಂದು ಹೇಳಬೇಕಾದರೆ ಅವನ ಕೆಲಸ ಏನೆಂದು ಹೇಳಬೇಕು. ಸಮುದ್ರದ ನಡುವೆ ಬಾವಿ ಕೊರೆದು ಎಣ್ಣೆ ತೆಗೆಯುತ್ತಾರಲ್ಲ, ಆ ಎಣ್ಣೆ ಎಷ್ಟು ವರ್ಷಕ್ಕೆ ಎಷ್ಟು ಸಲ ನೀರಿಗೆ ಚೆಲ್ಲುತ್ತದೆ ಎಂದು ಅಂದಾಜು ಮಾಡಿ ಕೊಡುವ ಮುಂಬಯಿಯ ಒಂದು ಸಣ್ಣ ಕಂಪನಿಗೆ ಅವನು ಮನೆಯಲ್ಲೇ ಕೂತು ದುಡಿಯುತ್ತಿದ್ದ. ಇಪ್ಪತ್ತು ವರ್ಷದ ವರದಿಗಳನ್ನು ತಿರುವಿ ಹಾಕಿ, ಎಷ್ಟು ಬಾವಿ ಎಷ್ಟು ವರ್ಷ ನಡೆದವು, ಎಷ್ಟು ಸಲ ಚೆಲ್ಲಿತು ಎಂದು ಭಾಗಿಸುವುದು. ಖುದ್ದು ಅವನು ಸಮುದ್ರ ನೋಡಿದವನಲ್ಲ. ಗೋವಾ ದಿಕ್ಕಿಗೆ ಅಳ್ನಾವರ ದಾಟಿದವನೇ ಅಲ್ಲ. ಮೂವತ್ತೊಂದು ವರ್ಷದ ಗಂಡಸು ಹಗಲೆಲ್ಲ ಮನೆಯಲ್ಲಿ ಕೂತು, ಕಾಣದ ನೀರಿನಲ್ಲಿ ಯಾರೋ ಚೆಲ್ಲಿದ ಎಣ್ಣೆ ಎಣಿಸುತ್ತಾನೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಯಾರಾದರೂ ಕೇಳಿದರೆ 'ಕಂಪ್ಯೂಟರ್ ಕೆಲಸ' ಎಂದು ಹೇಳಿ ಜಾಗ ಖಾಲಿ ಮಾಡುತ್ತಿದ್ದ.

ಆ ನಾಚಿಕೆಯ ಕೆಲಸವಾದರೂ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತೇ ತೀರ್ಮಾನವಾಗಬೇಕಿತ್ತು. ಆರು ತಿಂಗಳ ಪರೀಕ್ಷೆಯ ಅವಧಿ ಇಂದಿಗೆ ಮುಗಿಯುತ್ತಿತ್ತು. ಅವನ ಮೇಲಿನವರು ನಂದಾ ಮೇಡಂ, ಧಾರವಾಡದಲ್ಲಿ ಹುಟ್ಟಿ ಮುಂಬಯಿ ಸೇರಿದವರು. ನಿನ್ನೆಯೇ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು.

"ಗೌರೀಶ, ದೊಡ್ಡದು ಚೆಲ್ಲಿದ್ರ ಪೇಪರಿನಾಗ ಬರ್ತದ. ಸಣ್ಣದನ್ನ ಯಾರು ಹೇಳ್ತಾರ? ಈ ಕಂಪನಿಗಳು ಕಳಿಸಿದ ಪಟ್ಟಿ ನೋಡ್ರಿ, ಬರೇ ಸೊನ್ನಿ. ಸೊನ್ನಿ ಅಂದ್ರ ಚೆಲ್ಲಿಲ್ಲ ಅಂತ ಅಲ್ಲ, ಹೇಳಿಲ್ಲ ಅಂತ. ಹೇಳಿದ್ದು ಒಂದಿದ್ರ, ಹೇಳದ್ದು ಎಷ್ಟಿರಬಹುದು? ಅದಕ್ಕೊಂದು ಆಧಾರ ಕೊಡ್ರಿ. ನಾಳೆ ಮೂರರೊಳಗ ಕಳಿಸ್ರಿ, ಐದಕ್ಕ ಫೋನ್ ಮಾಡ್ತೀನಿ. ಆಧಾರ ಖರೇದ್ದಿದ್ರ ನಿಮ್ಮ ಕೆಲಸ ಕಾಯಂ."

ಹೇಳದವರನ್ನು ಎಣಿಸುವುದು ಹೇಗೆ ಎಂದು ರಾತ್ರಿಯೆಲ್ಲ ಹೊರಳಾಡಿದವನಿಗೆ, ಈಗ ಕಣ್ಣ ಮುಂದೆಯೇ ಹಿಟ್ಟು ಉದುರಿಸಿ ಮುಚ್ಚಿಡುವ ಜೀವ ಸಿಕ್ಕಿತು. ಓಣಿಯಲ್ಲಿ ಹನ್ನೊಂದು ಮನೆ. ಪ್ರತಿ ಮನೆಯಲ್ಲೂ ಚೆಲ್ಲಿ ಹೇಳಿದ್ದೆಷ್ಟು, ಚೆಲ್ಲಿ ಮುಚ್ಚಿಟ್ಟಿದ್ದೆಷ್ಟು ಎಂದು ಕೇಳಿದರೆ, ಸಮುದ್ರಕ್ಕೂ ಅದೇ ಲೆಕ್ಕ ಹಚ್ಚಬಹುದಲ್ಲ! ಮನುಷ್ಯರ ನಾಚಿಕೆ ಎಲ್ಲ ಕಡೆ ಒಂದೇ ಅಳತೆಯದು ಎಂದು ಅವನು ತೀರ್ಮಾನಿಸಿದ. ವಹಿ, ಪೆನ್ನು ಹಿಡಿದು ಹೊರಟೇಬಿಟ್ಟ.

ಮೊದಲು ಪಕ್ಕದ ಮನೆಯ ರಜಿಯಾಬಿ. ದರ್ಜಿ ಮುನಾಫನ ಹೆಂಡತಿ, ಗೌರೀಶನನ್ನು ಸಣ್ಣಂದಿನಿಂದ ಎತ್ತಿ ಆಡಿಸಿದವಳು.

"ಎಣ್ಣಿ? ನಾನು? ಯಾ ಅಲ್ಲಾ! ಒಮ್ಮಿನೂ ಇಲ್ಲ ತಮ್ಮಾ." ಅವಳ ಹಿಂದೆ ಒಲೆಯ ಬದಿಯ ಫರಸಿಕಲ್ಲು ಎಣ್ಣೆಯ ಜಿಡ್ಡಿಗೆ ಥಳಥಳ ಹೊಳೆಯುತ್ತಿತ್ತು.

ಆಮೇಲೆ ಎದುರುಮನೆ. ಅದು ಮಡಿವಾಳೆಪ್ಪನ ಮನೆ. ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತನಾದ ಮೇಲೆ ಓಣಿಯ ಹಿರಿತನ ತಾನೇ ವಹಿಸಿಕೊಂಡವನು. ಮನೆಯ ಎಣ್ಣೆಯ ಡಬ್ಬಿಗೆ ಪೆನ್ಸಿಲಿನ ಗೆರೆ ಎಳೆದಿಟ್ಟು ದಿನಾ ಸಂಜೆ ನೋಡುವ ಆಸಾಮಿ. ಬಾಗಿಲಿಗೆ ಬಂದ ಸೊಸೆ ಶೈಲಾ, ಒಳಗೆ ಮಾವ ಕೆಮ್ಮಿದ ಸದ್ದು ಕೇಳಿ, "ಇಲ್ರಿ, ನಮ್ಮಲ್ಲಿ ಎಣ್ಣಿ ಚೆಲ್ಲೂದಿಲ್ರಿ" ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಹೀಗೆ ಆರು ಮನೆ ಮುಗಿಯುವಷ್ಟರಲ್ಲಿ ವಹಿಯಲ್ಲಿ ಆರು ಸೊನ್ನೆ ಕೂತಿದ್ದವು. ಎಣ್ಣೆ ಕಂಪನಿಗಳ ಪಟ್ಟಿಯನ್ನೇ ನಕಲು ಮಾಡಿದಂತಿತ್ತು.

ಗೌರೀಶ ಬಿಡುವವನಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಮನೆಗೆ ಬಂದು ಹಳೆಯ ಮಣ್ಣಿನ ಗಡಿಗೆ ಒಂದನ್ನು ತೊಳೆದು, ಬಾಯಿಗೆ ವಸ್ತ್ರ ಹೊದಿಸಿ, ಮತ್ತೆ ಮೊದಲ ಮನೆಯಿಂದ ಶುರು ಮಾಡಿದ.

"ಚಾಚಿ, ನನಗ ಏನೂ ಹೇಳಬ್ಯಾಡ್ರಿ. ಈ ಗಡಿಗಿ ಒಳಗ ಒಯ್ರಿ. ಹೋದ ಯುಗಾದಿಯಿಂದ ಇವತ್ತಿನ ತನಕ ಎಣ್ಣಿ ಚೆಲ್ಲಿ ಮನ್ಯಾಗ ಹೇಳಿದ್ದಿದ್ರ, ಸಲಕ್ಕ ಒಂದ ಜೋಳದ ಕಾಳು. ಮುಚ್ಚಿಟ್ಟಿದ್ದಿದ್ರ, ಸಲಕ್ಕ ಒಂದ ಕಡ್ಲಿಕಾಳು. ಎಲ್ಲಾರದೂ ಒಂದರಾಗ ಕೂಡಿ ಹೋಗತಾವು. ಯಾರ ಎಷ್ಟ ಹಾಕಿದ್ರಿ ಅಂತ ನನಗೂ ಗೊತ್ತಾಗೂದಿಲ್ಲ. ನಿಮ್ಮ ಮಾನ ಹೋಗೂದಿಲ್ಲ, ಹೋದ್ರ ನನ್ನದ ಹೋಗ್ಲಿ. ನಮ್ಮವ್ವನ ಆಣಿ."

ರಜಿಯಾಬಿ ನಕ್ಕು ಗಡಿಗೆಯನ್ನು ಒಳಗೆ ಒಯ್ದಳು, ಅಷ್ಟೇ ಬೇಗ ತಂದುಕೊಟ್ಟಳು. ಶೈಲಾ ಕೂಡ ಮಾವ ಹಿತ್ತಲಿಗೆ ಹೋದ ಸಮಯ ನೋಡಿ ಒಯ್ದು ತಂದಳು. ರೇವವ್ವನೂ ಒಲ್ಲೆ ಒಲ್ಲೆ ಎನ್ನುತ್ತ ಒಳಗೆ ಒಯ್ದಳು. ಕೊನೆಯ ಮನೆ ಹನಮವ್ವನದು. ಎಪ್ಪತ್ತು ದಾಟಿದ ಮುದುಕಿ, ಗದಗಿಗೆ ಕಣ್ಣು ತೋರಿಸಲು ಹೊರಟು ಬಸ್ಸಿನ ಅವಸರದಲ್ಲಿದ್ದಳು. ಗೌರೀಶನೂ ಅವಸರದಲ್ಲೇ ಹೇಳಿದ: ಸಮುದ್ರದಲ್ಲಿ ಎಣ್ಣೆ ಚೆಲ್ಲುತ್ತದೆ, ಮೀನು ಸಾಯುತ್ತವೆ, ಅದರ ಕೆಲಸ ಹಿಡಿದಿದ್ದೇನೆ, ಒಳಗೆ ಹೋಗಿ ಇದರಲ್ಲಿ ಕಾಳು ಹಾಕು, ಹೀಗೆ ಹೀಗೆ. ಮುದುಕಿ ತಲೆಯಾಡಿಸಿ ಒಳಗೆ ಹೋಗಿ ಬಂದಳು.

"ಚಲೋ ಕೆಲಸ ಹಿಡದಿ ನನ ಮಗನ," ಎಂದು ಅವನ ಗಲ್ಲ ಸವರಿ, ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಗಡಿಗೆ ಈಗ ಭಾರವಾಗಿತ್ತು. ಅನುಮಾನ ಬರಬೇಕಾದ ಜಾಗ ಅದೇ. ಆದರೆ ಕೆಲಸ ಕಾಯಂ ಆಗುವ ಆಸೆ ಹೊತ್ತವನಿಗೆ ಅನುಮಾನ ಎಲ್ಲಿಂದ ಬರಬೇಕು? ಮನೆಯ ಮುಂದಿನ ಕಟ್ಟೆಯ ಮೇಲೆ ವಸ್ತ್ರ ಹಾಸಿ ಸುರಿದು ಎಣಿಸಿದ. ಜೋಳ ಒಂಬತ್ತು. ಕಡಲೆ ಆರುನೂರಾ ನಲವತ್ಮೂರು. ತಪ್ಪಿರಬೇಕೆಂದು ಇನ್ನೊಮ್ಮೆ ಎಣಿಸಿದ. ಆರುನೂರಾ ನಲವತ್ಮೂರೇ.

ಹೇಳಿದ್ದು ಒಂದಕ್ಕೆ ಹೇಳದ್ದು ಎಪ್ಪತ್ತೊಂದು! ಆಗಲೇ ಓಣಿಯ ಬಾಯಿಯ ಅಂಗಡಿಯಿಂದ ಊಟಕ್ಕೆ ಬರುತ್ತಿದ್ದ ಮುನಾಫ್ ನಿಂತ.

"ಏನೋ ಗೌರ್ಯಾ, ಕಡ್ಲಿ ಎಣಿಸಾಕತ್ತಿ? ನಿನ ಕಂಪನ್ಯಾಗ ಪಗಾರ ಹಿಂಗ ಕೊಡ್ತಾರೇನ?"

ಸುಮ್ಮನಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆರು ತಿಂಗಳಿಂದ ತನ್ನ ಕೆಲಸವನ್ನು ಯಾರಿಗೂ ಹೇಳಲಾಗದೆ ಬೆಂದಿದ್ದ ಹುಡುಗ. "ಚಾಚಾ, ನಮ್ಮ ಓಣ್ಯಾಗ ಒಂದ ವರ್ಷದಾಗ ಮುಚ್ಚಿಟ್ಟ ಎಣ್ಣಿ ಎಷ್ಟ ಸಲ ಗೊತ್ತೈತೇನ್ರಿ? ಆರನೂರಾ ನಲವತ್ಮೂರು!" ಎಂದು ಹೇಳಿಯೇಬಿಟ್ಟ. ಮುನಾಫ್ ಹೊಟ್ಟೆ ಹಿಡಿದುಕೊಂಡು ನಕ್ಕ. ಊಟ ಮುಗಿಸಿ ಅಂಗಡಿಗೆ ಹೋಗಿ, ಬಂದವರಿಗೆಲ್ಲ ಹೇಳಿ ನಕ್ಕ. ಗೌರೀಶ ಒಳಗೆ ಹೋಗಿ ಒಂದಕ್ಕೆ ಎಪ್ಪತ್ತೊಂದು ಎಂದು ಬರೆದು, ಗಡಿಗೆಯ ವಿಧಾನವನ್ನೆಲ್ಲ ವಿವರಿಸಿ, ಮೂರಕ್ಕೆ ಐದು ನಿಮಿಷ ಇರುವಾಗ ಮೇಡಮ್ಮಿಗೆ ಕಳಿಸಿದ. ಕಾಳೆಲ್ಲ ಮತ್ತೆ ಗಡಿಗೆ ಸೇರಿದವು.

ನಾಲ್ಕೂವರೆಗೆ ಹೊರಗೆ ಗದ್ದಲ ಕೇಳಿ ಬಂದರೆ, ಬನ್ನಿಗಿಡದ ಕೆಳಗೆ ಓಣಿಯ ಗಂಡಸರೆಲ್ಲ ನೆರೆದಿದ್ದರು. ಮಡಿವಾಳೆಪ್ಪ ಕೈಯಲ್ಲಿ ಚೀಟಿ ಹಿಡಿದು ಭಾಗಾಕಾರ ಮಾಡಿ ಮುಗಿಸಿದ್ದ.

"ಹನ್ನೊಂದ ಮನಿ. ಮನಿಗೆ ಐವತ್ತೆಂಟ ಸಲ! ಅಂದ್ರ ವಾರಕ್ಕೊಮ್ಮಿ ಚೆಲ್ಯಾರ, ಮ್ಯಾಲೆ ಒಂದಾರು ಹಬ್ಬಕ್ಕ. ಅದಕ್ಕ ನೋಡ್ರಿ ನನ್ನ ಬೋರಿನ ಮೋಟರ್ ಎರಡ ಸಲ ಸುಟ್ಟಿದ್ದು!"

"ನನ ಎಮ್ಮಿ ದಿನ ತುಂಬೂ ಮೊದಲ ಕಂದ ಹಾಕಿದ್ದೂ ಅದಕ್ಕ," ಎಂದ ಇನ್ನೊಬ್ಬ.

"ನನ ತಮ್ಮಗ ಹೆಣ್ಣ ಸಿಗವಲ್ದು," ಎಂದ ಮತ್ತೊಬ್ಬ. ಹೀಗೆ ಆ ವರ್ಷ ಓಣಿಯಲ್ಲಿ ಕೆಟ್ಟದ್ದೆಲ್ಲ ಒಂದೊಂದಾಗಿ ಹೆಂಗಸರ ಲೆಕ್ಕಕ್ಕೆ ಬಿತ್ತು. ಮುನಾಫನ ನಗು ಅಷ್ಟೊತ್ತಿಗೆ ನಿಂತಿತ್ತು. ಹನ್ನೊಂದು ಮನೆಯಲ್ಲಿ ತನ್ನದೂ ಒಂದು ಎಂದು ಯಾರೋ ಅವನಿಗೆ ನೆನಪು ಮಾಡಿಕೊಟ್ಟಿದ್ದರು.

"ನಾವು ಶಕುನ ಗಿಕುನ ನೋಡೂದಿಲ್ರಿ," ಎಂದ ಮುನಾಫ್, ಬೆವರು ಒರೆಸಿಕೊಳ್ಳುತ್ತ. "ಆದ್ರ ನಮ್ಮ ಮನಿಗೆ ತಿಂಗಳಿಗೆ ಒಂದ ಲೀಟರ್ ಎಣ್ಣಿ ತರ್ತೀನಿ. ಐವತ್ತೆಂಟ ಸಲ ಚೆಲ್ಲಿದ್ರ, ವರ್ಷಪೂರ್ತಿ ನಾ ತಿಂದಿದ್ದು ಯಾತರಾಗ ಮಾಡಿದ್ದು?"

ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. "ನಾ ಹಾಕಿಲ್ಲ," "ನಾನೂ ಹಾಕಿಲ್ರಿ," ಎಂದು ಒಬ್ಬೊಬ್ಬಳೂ ಅನ್ನುತ್ತಿದ್ದಳು. ಒಬ್ಬಳನ್ನೂ ಯಾರೂ ನಂಬಲಿಲ್ಲ. ಗೌರೀಶನೂ ನಂಬಲಿಲ್ಲ. ಪಾಪ, ಇನ್ನೇನು ಹೇಳಿಯಾರು ಎಂದುಕೊಂಡ. ಶೈಲಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬೆಳಿಗ್ಗೆಯಷ್ಟೇ ತಾಯಿಯ ಆಣೆ ಹಾಕಿ, ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಬಾಯಿ ಬಿಟ್ಟಿದ್ದ. ಥೂ ನನ್ನ ಜನ್ಮಕ್ಕಿಷ್ಟು ಎಂದು ತನಗೆ ತಾನೇ ಬೈದುಕೊಂಡ.

"ಬರ್ರಿ, ಒಬ್ಬೊಬ್ಬರ ಬರ್ರಿ," ಎಂದು ಮಡಿವಾಳೆಪ್ಪ ಗಡಿಗೆಯನ್ನು ತರಿಸಿ ನಡುವೆ ಇಟ್ಟ. "ಇದನ್ನ ಮುಟ್ಟಿ ತಮ್ಮದೆಷ್ಟು ಅಂತ ಹೇಳಿ ಹೋಗ್ಲಿ. ಮೊದಲು ನಮ್ಮ ಮನಿಯಿಂದನ ಚಾಲೂ ಮಾಡೂಣು. ಶೈಲಾ, ಬಾ ಇಲ್ಲೆ."

"ಕಾಕಾ, ಬ್ಯಾಡ್ರಿ," ಎಂದು ಗೌರೀಶ ಮುಂದೆ ಬಂದ. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಐದು ಗಂಟೆ. ನಂದಾ ಮೇಡಂ.

"ಯಾರದು? ನಿಮ್ಮ ಮೇಡಮ್ಮ? ಚಲೋ ಆತು. ಎಲ್ಲಾರಿಗೂ ಕೇಳುವಂಗ ಹಚ್ಚು. ಆರನೂರು ಅಂತ ಲೆಕ್ಕಾ ತಗೊಂಡಾಕಿನ್ನೂ ನಾಕ ಮಾತ ಕೇಳೂಣು," ಎಂದ ಮಡಿವಾಳೆಪ್ಪ. ಗೌರೀಶ ಹಿಂಜರಿದ. ಮುನಾಫ್ ಫೋನು ಕಸಿದುಕೊಂಡು ಸ್ಪೀಕರ್ ಒತ್ತಿದ.

"ಗೌರೀಶ!" ಮೇಡಮ್ಮಿನ ದನಿ ಹಿಗ್ಗಿನಿಂದ ತುಂಬಿತ್ತು. "ಏನ್ ಕೆಲಸ ಮಾಡೀರಿ! ಹನ್ನೆರಡು ವರ್ಷದಾಗ ಹಿಂಥಾ ಆಧಾರ ಯಾರೂ ತಂದಿರಲಿಲ್ಲ. ನಿಮ್ಮ ಕಾಯಂ ಪತ್ರ ಟೈಪ್ ಆಗ್ಲಿಕ್ಹತ್ತದ. ಒಂದ ಮಾತು ಕೇಳೂದು ಅದ. ನಮ್ಮ ಗಿರಾಕಿ ಕೇಳೇ ಕೇಳ್ತಾರ: ಆ ಕಡ್ಲಿಕಾಳು ಹಾಕಿದ್ದು ಖರೆ ಖರೆ ಆ ಹೆಣ್ಮಕ್ಕಳೇನ?"

ಓಣಿಯವರೆಲ್ಲ ಫೋನಿನ ಹತ್ತಿರ ಸರಿದರು. ಹೌದು ಎಂದರೆ ಕೆಲಸ ಕಾಯಂ. ಶೈಲಾ, ರಜಿಯಾಬಿ, ತನ್ನ ತಾಯಿ, ಎಲ್ಲರೂ ಈ ಗಂಡಸರ ಮುಂದೆ ಗಡಿಗೆ ಮುಟ್ಟಬೇಕು. ಅಲ್ಲ ಎಂದರೆ ಕೆಲಸ ಹೋಯಿತು. ಗೌರೀಶ ತಾಯಿಯ ಮುಖ ನೋಡಿದ. ರೇವವ್ವ ನೆಲ ನೋಡುತ್ತಿದ್ದಳು.

"ಅಲ್ರಿ ಮೇಡಂ," ಎಂದ. "ಅವರು ಯಾರೂ ಹಾಕಿಲ್ರಿ. ಎಲ್ಲಾ ಕಡ್ಲಿಕಾಳು ನಾನ ಹಾಕೀನ್ರಿ."

"ಏನಂದ್ರಿ?"

"ಲೆಕ್ಕಾ ಚಲೋ ಬರ್ಲಿ ಅಂತ ನಾನ ಹಾಕೀನ್ರಿ, ನನ್ನ ಕೈಯಾರೆ."

"ನಿಮ್ಮನ್ನ ಒಳ್ಳೆ ಹುಡುಗ ಅಂತ ತಿಳಕೊಂಡಿದ್ದೆ ಗೌರೀಶ," ಎಂದರು ನಂದಾ ಮೇಡಂ. "ನಾಳೆಯಿಂದ ಲಾಗಿನ್ ಮಾಡೋದು ಬ್ಯಾಡ." ಫೋನು ಕಟ್ಟಾಯಿತು.

ಮಡಿವಾಳೆಪ್ಪ ಚೀಟಿಯನ್ನು ಹರಿದು ಒಗೆದ. "ಹಲ್ಕಟ್! ನಿನ ಹೊಟ್ಟಿಪಾಡಿಗೆ ನಮ್ಮ ಹೆಣ್ಮಕ್ಕಳ ಹೆಸರ ಹಾಳ ಮಾಡಿದ್ಯಲ್ಲೋ! ಓದಿದವರ ಕೆಲಸೇನ ಇದು?" ಉಳಿದವರೂ ತಮ್ಮ ಪಾಲಿನ ಮಾತು ಆಡಿದರು. ಎಮ್ಮೆಯವನು ಉಗುಳಿ ಹೋದ. ಮುನಾಫ್ ಮಾತ್ರ ಹೆಂಡತಿಯನ್ನು ಅನುಮಾನಿಸಿದ ನಾಚಿಕೆಗೆ ಎಲ್ಲರಿಗಿಂತ ಜೋರಾಗಿ ಬೈದ. ಗೌರೀಶ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಕಿವಿ ಸುಡುತ್ತಿದ್ದವು. ಆದರೂ ಒಳಗೆಲ್ಲೋ ಒಂದು ಸಣ್ಣ ಸಮಾಧಾನ: ಕೆಲಸ ಹೋದರೆ ಹೋಯಿತು, ಆಣೆ ಉಳಿಯಿತು.

ಗಂಡಸರು ಚದುರಿದ ಮೇಲೆ ಹೆಂಗಸರು ಕಟ್ಟೆಯ ಸುತ್ತ ಕೂಡಿದರು. ಅವರ ಕಣ್ಣಲ್ಲಿ ಕೃತಜ್ಞತೆ ಇರಬಹುದೆಂದು ಗೌರೀಶ ಮೆಲ್ಲಗೆ ತಲೆ ಎತ್ತಿದ.

"ಹಂಗ್ಯಾಕ ಮಾಡಿದ್ಯೋ ತಮ್ಮಾ?" ಎಂದಳು ರಜಿಯಾಬಿ. "ಸುಳ್ಳ ಲೆಕ್ಕಾ ತೋರಿಸಿ ನೌಕರಿ ಕಳಕೊಂಡ್ಯಲ್ಲ."

"ಚಾಚಿ, ನಿಮ್ಮನ್ನ ಉಳಿಸಾಕ ಸುಳ್ಳ ಹೇಳಿದ್ನಿರಿ," ಎಂದ ಅವನು ದನಿ ತಗ್ಗಿಸಿ. "ನಾ ಒಂದ ಕಾಳೂ ಹಾಕಿಲ್ಲ. ನೀವು ಹಾಕಿದ್ದು ನನಗ ಗೊತ್ತಿಲ್ಲೇನು?"

ರಜಿಯಾಬಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ನಾ ಎಲ್ಲಿ ಹಾಕೀನಿ? ಒಂದ ಜೋಳ ಹಾಕಿ ಕೊಟ್ಟೆ. ಮುಚ್ಚಿಟ್ಟಿದ್ದನ್ನ ಗಂಡಗ ಹೇಳದಾಕಿ ಗಡಿಗಿಗೆ ಯಾಕ ಹೇಳ್ಲಿ?"

"ನಾನೂ ಹಾಕಿಲ್ರಿ," ಎಂದಳು ಶೈಲಾ. "ಆಗಿಂದ ಅದನ್ನ ಹೇಳಾಕತ್ತೀವಿ. ಬ್ಯಾರೆ ಯಾರರ ಹಾಕಿರಬೇಕು ಅಂತ ನಾವೂ ಅನ್ಕೊಂಡಿದ್ವಿ." ಅವಳ ಹಿಂದೆ ನಿಂತವರೆಲ್ಲ ಒಬ್ಬರಾದ ಮೇಲೆ ಒಬ್ಬರು ತಲೆಯಾಡಿಸಿದರು.

ಗೌರೀಶ ದಿಕ್ಕು ತಪ್ಪಿದವನಂತೆ ತಾಯಿಯ ಕಡೆ ತಿರುಗಿದ. "ಯವ್ವಾ, ನೀ? ಮುಂಜಾನಿದು ಒಂದರ ಹಾಕಿದ್ಯೋ ಇಲ್ಲೋ?"

"ಮುಂಜಾನೆ ಏನ ಆಗೈತಿ?" ಎಂದಳು ರೇವವ್ವ.

ಹಾಗಾದರೆ ಆರುನೂರಾ ನಲವತ್ಮೂರು ಕಾಳು ಎಲ್ಲಿಂದ ಬಂದವು? ಗಡಿಗೆಯನ್ನು ಹಿಡಿದು ಅವನು ಪಿಳಿಪಿಳಿ ನೋಡುತ್ತಿರುವಾಗ, ಗದಗಿನ ಬಸ್ಸಿಳಿದು ಹನಮವ್ವ ಓಣಿಯೊಳಗೆ ಬಂದಳು. ಓಣಿಯ ಬಾಯಿಯಲ್ಲೇ ಮುನಾಫ್ ಅವಳಿಗೆ ಎಲ್ಲ ವರದಿ ಒಪ್ಪಿಸಿದ್ದ. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದಿದ್ದ ಮುದುಕಿ, ಕಣ್ಣು ಕಿರಿದು ಮಾಡಿ, ಗುಂಪಿನಲ್ಲಿ ಗೌರೀಶನನ್ನು ಹುಡುಕಿ, ಎದುರಿಗೆ ಬಂದು ನಿಂತಳು.

"ಏನೋ, ಗಡಿಗ್ಯಾನ ಕಡ್ಲಿ ನೀ ಹಾಕೀ ಅಂತ ಹೇಳಿದ್ಯಂತ? ನಾಕ ಮಂದ್ಯಾಗ?"

"ಆಯಿ, ಅದು..."

"ಅದು ನಂದು! ಒಂದ ಬೊಗಸಿ ತುಂಬ ಹಾಕೀನಿ. ಸಮುದ್ರದಾಗ ಎಣ್ಣಿ ಬಿದ್ದು ಮೀನ ಸಾಯ್ತಾವು ಅಂದಿ. ಪಾಪ, ಅದಕ್ಕ ಓಣ್ಯಾಗ ಧರ್ಮದ ಪಟ್ಟಿ ಎತ್ತಾಕ ಹತ್ಯಾನ ಹುಡುಗ ಅನ್ಕೊಂಡೆ. ಬಾಗಲಿಗೆ ಬಂದ ಗಡಿಗ್ಯಾಗ ಎರಡ ಕಾಳ ಹಾಕಿ ಕಳಿಸಾಕ ನಾ ಏನ ಅಷ್ಟ ಜೀನಿ ಅದೀನೇನ? ಬಿತ್ತಾಕ ಇಟ್ಟಿದ್ದರಾಗ ತಗದ ಹಾಕೀನಿ. ನನ ಕೈಲೆ ಆಗೂದ ಅಷ್ಟ ಧರ್ಮ. ಅದನ್ನೂ ನಿನ ಹೆಸರಿಲೆ ಬರಕೊಂಡ್ಯೇನೋ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕಿಟಕಿಗಳಲ್ಲಿ ಗಂಡಸರ ತಲೆಗಳು ಮತ್ತೆ ಮೂಡಿದವು. "ಮುದಿಕಿ ಧರ್ಮಾನೂ ಬಿಡಲಿಲ್ಲ ನೋಡ ಮಗಾ," ಎಂದು ಮಡಿವಾಳೆಪ್ಪ ಒಳಗಿನಿಂದಲೇ ಕೂಗಿದ.

ಗೌರೀಶ ಕಿಸೆಯಿಂದ ಫೋನು ತೆಗೆದ. ಮೇಡಮ್ಮಿಗೆ ಈಗಲೇ ನಿಜ ಹೇಳಿಬಿಡಬೇಕು, ಕಾಳು ನಾನು ಹಾಕಿದ್ದಲ್ಲ ಎಂದು. ನಂಬರಿನ ಮೇಲೆ ಬೆರಳಿಟ್ಟ. ಹಾಕಿದ್ದು ಯಾರು ಎಂದು ಕೇಳುತ್ತಾರೆ. ಒಬ್ಬ ಮುದುಕಿ ಸಮುದ್ರದ ಮೀನಿಗೆ ದಾನ ಕೊಟ್ಟಿದ್ದು, ಅದನ್ನೇ ನಾನು ಒಂದಕ್ಕೆ ಎಪ್ಪತ್ತೊಂದು ಎಂದು ಲೆಕ್ಕ ಹಾಕಿ ನಿಮಗೆ ಕಳಿಸಿದೆ ಎನ್ನಬೇಕು. ಅದಕ್ಕಿಂತ ಕಳ್ಳನಾಗಿರುವುದೇ ಕಡಿಮೆ ಮಾನಗೇಡು ಅನ್ನಿಸಿತು. ಫೋನು ಕಿಸೆಗಿಟ್ಟ.

"ತಪ್ಪಾತು ಆಯಿ," ಎಂದ. "ನಿನ್ನ ಕಡ್ಲಿ ನೀ ತಗೊಂಡ ಹೋಗು." ಗಡಿಗೆಯನ್ನು ಎರಡೂ ಕೈಯಿಂದ ಮುಂದೆ ಹಿಡಿದ.

ಹನಮವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಸಿಟ್ಟು ಇಳಿದು, ಮುಖದಲ್ಲಿ ಅಯ್ಯೋ ಎನ್ನುವ ಭಾವ ಬಂದಿತ್ತು. ಹುಡುಗನ ನೌಕರಿ ಹೋದದ್ದನ್ನೂ ಮುನಾಫ್ ಹೇಳಿದ್ದ.

"ಕೊಟ್ಟಿದ್ದನ್ನ ಹೊಳ್ಳಿ ಇಸಗೊಳ್ಳೂ ಮಂದಿ ಅಲ್ಲಪ್ಪ ನಾವು," ಎಂದಳು. ಆಮೇಲೆ ಓಣಿಗೆಲ್ಲ ಕೇಳುವಂತೆ, ಪ್ರೀತಿಯಿಂದಲೇ ಹೇಳಿದಳು: "ಮೀನಿಗೆ ಆಮ್ಯಾಲೆ ನೋಡೂಣಂತ. ಈಗ ನಿನಗೂ ದುಡಿಮಿ ಇಲ್ಲ. ಈ ಕಡ್ಲಿ ಒಯ್ದು ನಿಮ್ಮವ್ವನ ಕೈಯಾಗ ಕೊಡು, ಕುದಿಸಿ ಹಾಕ್ತಾಳ."